ಹೆಸರು ಹೇಳದವರ ಹೆರಿಗೆಮನೆ

ನಮ್ಮೂರಿನಲ್ಲಿ ಕೊಟ್ಟದ್ದು ಉಳಿಯಬೇಕಾದರೆ ಕೊಟ್ಟವರ ಬಾಯಿ ಮುಚ್ಚಿರಬೇಕು. ‘ಇದನ್ನು ನಾನು ಕೊಟ್ಟೆ’ ಎಂದು ಯಾರಾದರೂ ಅಂದರೆ, ಅಥವಾ ಬರೆದು ಸಹಿ ಹಾಕಿದರೆ, ಆ ವಸ್ತು ಎದ್ದು ಅವರ ಮನೆಯ ದಾರಿ ಹಿಡಿಯುತ್ತದೆ. ನನ್ನ ಸೋದರತ್ತೆಯ ಮದುವೆಗೆ ಬಂದ ತಾಮ್ರದ ಕೊಡಗಳಲ್ಲಿ ಮೂರು, ಊಟದ ಎಲೆ ಎತ್ತುವ ಮೊದಲೇ ಚಪ್ಪರ ದಾಟಿ ಹೋದವಂತೆ; ಉಡುಗೊರೆ ತಂದವರಲ್ಲಿ ಯಾರಿಗೋ ನಾಲಿಗೆ ತಡೆದಿರಲಿಲ್ಲ. ಹೀಗಾಗಿ ನಮ್ಮಲ್ಲಿ ಕೊಡುವವರು ಕದಿಯುವವರಂತೆ ಬರುತ್ತಾರೆ. ಬಂದು ಗೋಡೆ ನೋಡುತ್ತ ಹವೆಯ ವಿಷಯ ಮಾತಾಡಿ, ಚಹಾ ಕುಡಿದು, ಬಸಿಯ ಕೆಳಗೆ ಏನೋ ಬಿಟ್ಟು ಹೋಗುತ್ತಾರೆ. ಅವರು ಓಣಿ ತಿರುಗಿದ ಮೇಲೆ ನಾವು ಅದನ್ನು ನೆಲದಲ್ಲೇ ಹುಟ್ಟಿದ್ದೇನೋ ಎನ್ನುವ ಹಾಗೆ ಎತ್ತಿಕೊಳ್ಳುತ್ತೇವೆ.

ನಮ್ಮಜ್ಜಿ ಹಂಪವ್ವನಿಗೆ ಇದರ ಮೇಲೆಯೇ ನೂರು ಕಥೆ ಗೊತ್ತು. ನನ್ನನ್ನು ಬೆಳೆಸಿದ್ದು ಅನ್ನಕ್ಕಿಂತ ಹೆಚ್ಚಾಗಿ ಆ ಕಥೆಗಳೇ. ಒಬ್ಬ ರಾಜ ಊರಿಗೊಂದು ಕೆರೆ ಕಟ್ಟಿಸಿಕೊಟ್ಟು ಹನ್ನೆರಡು ವರ್ಷ ಸುಮ್ಮನಿದ್ದನಂತೆ. ಹದಿಮೂರನೆಯ ವರ್ಷ ದಂಡೆಯ ಮೇಲೆ ಕುಳಿತ ದಾರಿಹೋಕನೊಬ್ಬ ನೀರು ಬಹಳ ಸಿಹಿ ಎಂದನಂತೆ, ರಾಜನಿಗೆ ತಡೆಯಲಾಗಲಿಲ್ಲ. ಬೆಳಗಾಗುವಾಗ ಕೆರೆ ಅರಮನೆಯೊಳಗಿತ್ತು, ರಾಣಿಯ ಹಾಸಿಗೆಯ ಮೇಲೆ ಮೀನು. ಆಗ ರಾಣಿ ಏನು ಮಾಡಿದಳು ಎಂದು ನಾನು ಪ್ರತಿಸಲ ಕೇಳುತ್ತಿದ್ದೆ. ಸಾರು ಮಾಡಿದಳು ಎಂದು ಅಜ್ಜಿ ಪ್ರತಿಸಲ ಹೇಳುತ್ತಿದ್ದಳು. ಇಂಥವನ್ನು ಕೇಳಿ ಬೆಳೆದದ್ದಕ್ಕೋ ಏನೋ, ನಲ್ಲಿಯ ಕೆಳಗೆ ಕೊಡ ಇಟ್ಟು ಆಕಾಶ ನೋಡುತ್ತ ನಿಲ್ಲುವವಳು ಎಂದೇ ಓಣಿಯಲ್ಲಿ ನನ್ನ ಹೆಸರು. ಸರತಿಯಲ್ಲಿ ಕುಮುದಾ ಮುಂದಿದ್ದಾಳೆಂದರೆ ಹಿಂದಿನವರು ಕೊಡ ಕೆಳಗಿಟ್ಟು ಕುಳಿತೇಬಿಡುತ್ತಿದ್ದರು.

ನಮ್ಮದು ಸುಣ್ಣದ ಭಟ್ಟಿಗಳ ಊರು. ಪಡುವಣ ದಿಕ್ಕಿಗೆ ಹನ್ನೊಂದು ಭಟ್ಟಿಗಳು ಸದಾ ಉರಿಯುತ್ತವೆ. ಪ್ರತಿದಿನ ನಾಲ್ಕರ ಸುಮಾರಿಗೆ ಆ ಕಡೆಯಿಂದ ಗಾಳಿ ಏಳುತ್ತದೆ, ಗಾಳಿಯ ಜೊತೆ ಬಿಳಿ ಧೂಳು. ಊರಿಡೀ ಬಾಗಿಲು ಹಾಕಿಕೊಳ್ಳುತ್ತದೆ. ಆದರೂ ಹಂಚಿನ ಸಂದಿಯಿಂದ, ಚೌಕಟ್ಟಿನ ಬಿರುಕಿನಿಂದ ಅದು ಒಳಗೆ ಬಂದೇ ಬರುತ್ತದೆ. ದೊಡ್ಡವರು ಕೆಮ್ಮಿಕೊಂಡು ಬದುಕುತ್ತೇವೆ. ಹುಟ್ಟಿದ ಗಳಿಗೆಯಲ್ಲೇ ಆ ಧೂಳನ್ನು ಎಳೆದುಕೊಂಡ ಕೂಸು ಉಳಿಯುವುದಿಲ್ಲ. ಆಸ್ಪತ್ರೆ ಇರುವ ಪಟ್ಟಣಕ್ಕೆ ಭಟ್ಟಿಗಳ ನಡುವೆ ಹಾದು ನಾಲ್ಕು ತಾಸಿನ ದಾರಿ. ನನ್ನ ಅಕ್ಕ ಅನಸೂಯಾ ಮೊದಲ ಕೂಸನ್ನು ಆ ದಾರಿಯಲ್ಲೇ, ಬಾಡಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಹೆತ್ತಳು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ವಾಪಸು ಬಂದು ಕಟ್ಟೆಯ ಮೇಲೆ ಕುಳಿತಾಗ ಅವಳ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು. ಒಂದು ವರ್ಷ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಮತ್ತೆ ಬಸುರಾದಾಗ ಅವಳು ಮೊದಲು ಹೇಳಿದ್ದು ಗಂಡನಿಗಲ್ಲ, ನನಗೆ.

“ಕುಮುದಾ, ಈ ಸಲ ನಾ ಹಾದ್ಯಾಗ ಹಡಿಯಂಗಿಲ್ಲ. ಎಲ್ಲಿ ಅಂತ ನೀ ನೋಡು,” ಅಂದಳು.

ನಲ್ಲಿಯ ಕೆಳಗಿನ ಕೊಡವನ್ನೇ ನೋಡಿಕೊಳ್ಳಲಾರದವಳಿಗೆ ಇಂಥ ಮಾತು. ಆದರೆ ಅವಳು ಹೇಳಿದ ರೀತಿಗೆ ನಾನು ಹೂಂ ಅನ್ನದೆ ಗತಿ ಇರಲಿಲ್ಲ.

ಹಸೀನಾಬಿಯ ಹತ್ತಿರ ಹೋದೆ. ಪಟ್ಟಣದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆರಿಗೆ ನರ್ಸಾಗಿದ್ದು, ಕೆಲಸ ಮುಗಿಸಿ ಊರಿಗೆ ಬಂದು ಮಾವಿನ ಉಪ್ಪಿನಕಾಯಿ ಹಾಕುತ್ತ ಕುಳಿತಿದ್ದಳು. ನನ್ನ ಮಾತನ್ನೆಲ್ಲ ಕೇಳಿ ಮಸಾಲೆಯ ಕೈ ತೊಳೆದುಕೊಂಡು ಬಂದಳು. ತನ್ನ ಕೈಗಳು ಇನ್ನೂ ಗಟ್ಟಿಯಾಗಿವೆ, ಆದರೆ ಧೂಳಿನೊಳಗೆ ಎಂಥ ಕೈಯೂ ಏನೂ ಮಾಡಲಾರದು ಎಂದಳು. ಮೂಡಲ ದಿಬ್ಬದ ಮೇಲೆ ಒಂದು ಮನೆ ಬೇಕು, ಗಚ್ಚಿನ ಮಾಳಿಗೆ ಇರಬೇಕು, ಎರಡು ಬಿಗಿ ಬಾಗಿಲು, ಎಂಟು ಬಿಗಿ ಕಿಟಕಿ. ಅಷ್ಟಿದ್ದರೆ ಅನಸೂಯಾ ಒಬ್ಬಳನ್ನೇ ಯಾಕೆ, ಊರಿನ ಎಲ್ಲ ಹೆಣ್ಣುಮಕ್ಕಳನ್ನೂ ನೋಡಿಕೊಳ್ಳುತ್ತೇನೆ ಅಂದಳು.

ಹೀಗೆ ಹುಟ್ಟಿಕೊಂಡದ್ದು ‘ಊರ ನಿಧಿ’. ಇವತ್ತು ಹೆರಿಗೆಮನೆ, ನಾಳೆ ಶಾಲೆಯ ಸೂರು, ನಾಡಿದ್ದು ಇನ್ನೊಂದು. ಊರಿಗೆ ಬೇಕಾದದ್ದಕ್ಕೆ ಊರೇ ಕೂಡಿಸಿಡುವ ಗಂಟು. ನೋಂದಣಿಗೆ ಒಬ್ಬ ಅಧ್ಯಕ್ಷರು ಬೇಕೆಂದಾಗ, ಎಲ್ಲರಿಗಿಂತ ಕಡಿಮೆ ಮಾತಾಡುವ ಬಡಿಗ ಫಕೀರಪ್ಪನನ್ನು ಆರಿಸಿದೆವು. ಅವನು ಬೇಡ ಅನ್ನುವಷ್ಟೂ ಮಾತಾಡಲಿಲ್ಲ. ಕಾರ್ಯದರ್ಶಿ ನಾನು, ಅಕ್ಷರ ದುಂಡಗಿದೆ ಅನ್ನುವುದೊಂದೇ ನನ್ನ ಅರ್ಹತೆ.

ಕೂಡಿಸುವುದಕ್ಕೆ ದಾರಿ ಹೇಳಿದ್ದು ಅಜ್ಜಿ. ಪ್ರತಿ ಮಂಗಳವಾರ ನಡು ಮಧ್ಯಾಹ್ನ ಅಂಗಡಿಗಳೆಲ್ಲ ಮುಚ್ಚಬೇಕು. ಮನೆಗೊಬ್ಬರಂತೆ, ಇದ್ದವರೂ ಇಲ್ಲದವರೂ, ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತು ದಿಬ್ಬದ ಹಳೆಯ ಕೊಟ್ಟಿಗೆಗೆ ಹೋಗಬೇಕು. ಒಬ್ಬೊಬ್ಬರೇ ಒಳಗೆ ಹೋಗಿ, ಹೊರಬಂದು, ಖಾಲಿ ಬುಟ್ಟಿಯ ಮೇಲೂ ಹಾಗೆಯೇ ಬಟ್ಟೆ ಮುಚ್ಚಿಕೊಂಡು ಮನೆಗೆ ಮರಳಬೇಕು. ಯಾರು ಏನು ಹಾಕಿದರೆಂದು ಯಾರಿಗೂ ತಿಳಿಯಬಾರದು. ಸಂಜೆ ಫಕೀರಪ್ಪನೂ ನಾನೂ ಬಾಗಿಲು ತೆರೆದು ನೋಡುತ್ತಿದ್ದೆವು. ನೋಟು, ನಾಣ್ಯ, ಬೆಳ್ಳಿಯ ಕಾಲುಂಗುರ, ಇಟ್ಟಿಗೆ, ಮೊಳೆ, ಒಂದು ಸಲ ಮೊಟ್ಟೆ ಇಡುತ್ತಿದ್ದ ಕೋಳಿ. ಇವುಗಳ ನಡುವೆ ಬರಿಯ ಕಲ್ಲುಗಳ ಗುಡ್ಡೆಯೂ ಇರುತ್ತಿತ್ತು. ಕೊಡಲು ಏನೂ ಇಲ್ಲದವರು ಬುಟ್ಟಿ ಹಗುರವೆಂದು ಕಾಣಬಾರದೆಂದು ಹಳ್ಳದ ಕಲ್ಲು ತುಂಬಿಕೊಂಡು ಬಂದಿರುತ್ತಿದ್ದರು. ಫಕೀರಪ್ಪ ಅವನ್ನು ಮುಟ್ಟಿ ನೋಡಿ, ಒಳ್ಳೆಯ ಕಲ್ಲು ಎಂದು ಆರಿಸಿ ಬೇರೆ ಇಟ್ಟ. ಹೆರಿಗೆಮನೆಯ ಪಾಯ ಪೂರ್ತಿ ಆ ಕಲ್ಲಿನದೇ. ನಾನು ಏನು ಹಾಕಿದೆ ಎಂದು ಮಾತ್ರ ಕೇಳಬೇಡಿ. ಆ ಗೋಡೆ ಇನ್ನೂ ನಿಂತಿರಬೇಕಾಗಿದೆ.

ಒಮ್ಮೆ ಮಾತ್ರ ಎಡವಟ್ಟಾಯಿತು. ಐದು ಭಟ್ಟಿಗಳ ಯಜಮಾನ ಗುರುಬಸಪ್ಪನನ್ನು ಚಹಾದಂಗಡಿಯಲ್ಲಿ ಕೆಣಕಿದರಂತೆ, ಸಾಹುಕಾರರ ಬುಟ್ಟಿ ಹೋಗುವಾಗಲೂ ಹಗುರ, ಬರುವಾಗಲೂ ಹಗುರ ಎಂದು. ಅವನು ಎರಡು ಗುಟುಕು ಕುಡಿಯುವವರೆಗೆ ತಡೆದುಕೊಂಡ. ಮೂರನೆಯದಕ್ಕೆ ಬಸಿ ಕೆಳಗಿಟ್ಟು, “ಹಂಗಾದ್ರ ಮಾಳಿಗಿಗೆ ಏರ್ಯಾವಲ್ಲ ನಾಕು ಸಾಗವಾನಿ ತೊಲಿ, ಅವನ್ನ ನಿಮ್ಮಪ್ಪ ಕೊಟ್ನೇನ? ನಾ ಕೊಟ್ಟದ್ದು,” ಎಂದುಬಿಟ್ಟ. ನಾವು ದಿಬ್ಬದ ಮೇಲಿದ್ದೆವು. ನೋಡುನೋಡುತ್ತಲೇ ತೊಲೆಗಳು ಗೋಡೆಯಿಂದ ಇಳಿದು, ಮೇಯಲು ಹೋದ ದನ ಮನೆಗೆ ಮರಳುವ ಹಾಗೆ ಒಂದರ ಹಿಂದೊಂದು ಓಣಿಯಲ್ಲಿ ಹೊರಟವು. ಗುರುಬಸಪ್ಪ ಎದುರು ಓಡಿ ಬಂದು ಮೊದಲನೆಯ ತೊಲೆಗೆ ಹೆಗಲು ಕೊಟ್ಟು ಹಿಂದಕ್ಕೆ ತಳ್ಳಿದ, ಬೈದ, ಕೊನೆಗೆ ಬೇಡಿಕೊಂಡ. ಅದು ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮುಂದೆ ಹೋಯಿತು. ಮುಂದಿನ ಮಂಗಳವಾರ ಕೊಟ್ಟಿಗೆಯಲ್ಲಿ ನಾಲ್ಕು ತೊಲೆಗಳಿದ್ದವು. ತೊಲೆ ಹಿಡಿಸುವಂಥ ಬುಟ್ಟಿ ಯಾರ ಮನೆಯಲ್ಲಿದೆ ಎಂದು ನಾವು ಯಾರೂ ಯೋಚಿಸಲಿಲ್ಲ.

ಗೋಡೆ ಎದ್ದವು, ಮಾಳಿಗೆ ಮುಚ್ಚಿತು. ಅಕ್ಕನಿಗೆ ಏಳು ತಿಂಗಳು ತುಂಬಿತು. ಅಲ್ಲಿಗೆ ಊರಿನ ಕೈ ಬರಿದಾಯಿತು. ಬಾಗಿಲು ಕಿಟಕಿಗಳದ್ದೇ ದೊಡ್ಡ ಕಷ್ಟ. ಗಾಜು, ರಬ್ಬರಿನ ಅಂಚು, ಬಿಗಿಯಾಗಿ ಕೂರುವ ಚೌಕಟ್ಟು, ಎಲ್ಲ ಪಟ್ಟಣದಿಂದಲೇ ಬರಬೇಕು. ನಮ್ಮೂರಿನಲ್ಲಿ ಯಾರು ಏನನ್ನು ಬೇಕಾದರೂ ಕೊಟ್ಟಾರು, ತಮ್ಮ ಮನೆಯ ಬಾಗಿಲೊಂದನ್ನು ಬಿಟ್ಟು. ನಾಲ್ಕರ ಗಾಳಿಗೆ ಬಾಗಿಲಿಲ್ಲದ ಮನೆಯಲ್ಲಿ ಇರುವುದು ಹೇಗೆ? ಆಗ ನಾನು ಪಟ್ಟಣದ ಒಂದು ದೊಡ್ಡ ಸಂಸ್ಥೆಗೆ ಅನುದಾನ ಕೇಳಿ ಅರ್ಜಿ ಹಾಕಿದೆ. ಊರಿನವರು ಅರ್ಧ ಕೂಡಿಸಿದ್ದರೆ ಉಳಿದದ್ದನ್ನು ಅವರು ಕೊಡುತ್ತಾರಂತೆ. ಅರ್ಜಿಯಲ್ಲಿ ಒಂದು ಕಾಲಂ ಇತ್ತು, ದಾನಿಗಳ ಹೆಸರು ಮತ್ತು ಸಹಿ. ಅದನ್ನು ಖಾಲಿ ಬಿಟ್ಟು ಕಳಿಸಿದೆ. ಕೆಂಪು ಗೆರೆ ಎಳೆದು ತಿರುಗಿ ಕಳಿಸಿದರು. ನಾನು ಮತ್ತೆ ಖಾಲಿ ಬಿಟ್ಟೆ. ಮೂರನೆಯ ಸಲ ಜೊತೆಗೊಂದು ಕಾಗದ ಇಟ್ಟೆ: ಈ ಕಾಲಂ ತುಂಬಿದರೆ ನಮ್ಮ ಗೋಡೆ ಬೀಳುತ್ತದೆ, ಗೋಡೆಯನ್ನು ನೀವೇ ಬಂದು ನೋಡಿ, ಹೆಸರು ಕೇಳಬೇಡಿ.

ಬಂದೇಬಿಟ್ಟರು. ಮೃಣಾಲಿನಿ ಮೇಡಂ ಎಂದು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಜೀಪಿನಿಂದ ಇಳಿದವರೇ ಕನ್ನಡಕ ಸರಿಮಾಡಿಕೊಂಡು ಗೋಡೆಗೆ ಅಂಗೈ ಇಟ್ಟು ನೋಡಿದರು, ಪಾಯದ ಕಲ್ಲು ನೋಡಿದರು, ಅಕ್ಕನ ಹೊಟ್ಟೆ ನೋಡಿದರು. ದಾನಿಗಳ ಹೆಸರನ್ನು ಬಿಡಬಹುದು, ಅದನ್ನು ತಾವು ಮೇಲಿನವರಿಗೆ ಹೇಗೋ ಹೇಳುತ್ತೇವೆ ಎಂದರು. ಆದರೆ ಅವರ ಸಂಸ್ಥೆಯ ಹೆಸರಿನ ಫಲಕವನ್ನು ಮಾತ್ರ ಹಾಕಲೇಬೇಕು, ಹಾಕಿದ ದಿನ ಅದನ್ನು ಓದಿ ಹೇಳಬೇಕು, ಫೋಟೋ ತೆಗೆಯಬೇಕು. ನಾನು ಊರಿನ ರೀತಿಯನ್ನು ಆದಷ್ಟು ಬಿಡಿಸಿ ಹೇಳಿದೆ. ಅವರು ನಗಲಿಲ್ಲ, ಅದೊಂದು ಅವರ ದೊಡ್ಡತನ.

“ನೋಡಿ ಕುಮುದಾ, ನಾನು ನಂಬೋದು ಬಿಡೋದು ಬೇರೆ. ಫಲಕ ಇಲ್ಲ ಅಂದ್ರೆ ಬಾಗಿಲೂ ಇಲ್ಲ. ಅಷ್ಟೇ ನನ್ನ ಕೈಲಿರೋದು,” ಎಂದರು.

ನಾನು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದೆ. ಇದು ಊರಿನವರ ನಡುವಿನ ವಿಷಯ, ಹೊರಗಿನವರಿಗೆ ತಟ್ಟಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮನೆಗೆ ಬಂದು ಅಜ್ಜಿಗೂ ಅದನ್ನೇ ಹೇಳಿದೆ. ಹೊರಗಿನವರಿಗೆ ತಟ್ಟುತ್ತದೆಂದು ಯಾರಾದರೂ ಕಂಡಿದ್ದಾರೇನು ಎಂದು ವಾದಿಸಿದೆ.

ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. “ಹೊರಗಿನವ್ರು ಇಷ್ಟು ದಿನದಾಗ ನಮಗ ಏನರ ಕೊಟ್ಟಿದ್ರ ಗೊತ್ತಾಗಿರ್ತಿತ್ತು,” ಅಂದಳು.

ಬಾಗಿಲು ಕಿಟಕಿಗಳು ಲಾರಿಯಲ್ಲಿ ಬಂದವು. ಜೊತೆಗೆ ಚಕ್ರದ ಮಂಚ, ನೀರಿನ ಟಾಕಿ, ಮೂರು ದೀಪ. ಫಕೀರಪ್ಪ ಒಂಬತ್ತು ದಿನ ಕೂತು ಅವನ್ನೆಲ್ಲ ಕೂರಿಸಿದ. ಹತ್ತನೆಯ ದಿನ ನಾಲ್ಕರ ಗಾಳಿಯಲ್ಲಿ ನಾವು ಒಳಗೆ ನಿಂತು ಬಾಗಿಲು ಹಾಕಿ, ಕರಿಯ ಬಟ್ಟೆಯೊಂದನ್ನು ನೆಲಕ್ಕೆ ಹಾಸಿ ಕಾದೆವು. ಗಾಳಿ ಇಳಿದ ಮೇಲೂ ಬಟ್ಟೆ ಕರಿದಾಗಿಯೇ ಇತ್ತು. ಹಸೀನಾಬಿ ಬಗ್ಗಿ ಅದರ ಮೇಲೆ ಬೆರಳಾಡಿಸಿ, ಬೆರಳನ್ನು ಅಕ್ಕನ ಮುಖದ ಹತ್ತಿರ ಹಿಡಿದು ತೋರಿಸಿದಳು. ಎರಡು ವರ್ಷದಲ್ಲಿ ಮೊದಲ ಸಲ ಅಕ್ಕ ಹಲ್ಲು ಕಾಣುವ ಹಾಗೆ ನಕ್ಕಳು.

ಉದ್ಘಾಟನೆ ಒಂದು ಗುರುವಾರ ಮಧ್ಯಾಹ್ನ. ಬೆಳಗಿನಿಂದಲೇ ಅಕ್ಕನಿಗೆ ಸೊಂಟ ಹಿಡಿದಂತಾಗಿತ್ತು. ಇನ್ನೂ ಹನ್ನೆರಡು ದಿನ ಇದೆಯಲ್ಲ ಎಂದು ಎಲ್ಲರೂ ಅಂದುಕೊಂಡೆವು. ಹಸೀನಾಬಿ ಮಾತ್ರ ನೀರು ಕಾಯಿಸಲು ಇಟ್ಟಳು. ಎರಡೂವರೆಗೆ ಮೇಡಂ ಬಂದರು. ಕನ್ನಡಿಯಂತೆ ಹೊಳೆಯುವ ಹಿತ್ತಾಳೆಯ ಫಲಕ. ಫಕೀರಪ್ಪ ಅದನ್ನು ಗೋಡೆಗೆ ಹೊಡೆಯಲು ಒಪ್ಪದೆ ಒಂದು ಕುರ್ಚಿಯ ಮೇಲೆ ನಿಲ್ಲಿಸಿದ. ಊರಿಗೆ ಊರೇ ಅಂಗಳದಲ್ಲಿ ಉಸಿರು ಬಿಗಿಹಿಡಿದು ನಿಂತಿತ್ತು. ನಾನು ಮೇಡಂ ಹತ್ತಿರ ಹೋಗಿ, ಮನಸ್ಸಿನಲ್ಲೇ ಓದಿಕೊಂಡರೆ ಸಾಲದೇ ಎಂದು ಕೊನೆಯದಾಗಿ ಕೇಳಿದೆ. ಅವರು ನನ್ನ ಭುಜ ತಟ್ಟಿ, ಫೋಟೋದವನಿಗೆ ಸನ್ನೆ ಮಾಡಿ, ಓದಿದರು. ಈ ಮನೆಯ ಬಾಗಿಲು, ಕಿಟಕಿ ಮತ್ತು ಸಲಕರಣೆಗಳನ್ನು ನಮ್ಮ ಸಂಸ್ಥೆಯು ಈ ಊರಿಗೆ ಕೊಡುಗೆಯಾಗಿ ನೀಡಿದೆ.

ಮೊದಲು ತಿರುಪುಗಳ ಸದ್ದು ಕೇಳಿಸಿತು, ಕಾಳು ಹುರಿದಂತೆ. ಆಮೇಲೆ ಮುಂಬಾಗಿಲು ಚೌಕಟ್ಟಿನ ಸಮೇತ ಹೊರಗೆ ಹೆಜ್ಜೆ ಇಟ್ಟಿತು. ಅದರ ಹಿಂದೆ ಹಿಂಬಾಗಿಲು, ಎಂಟು ಕಿಟಕಿಗಳು, ಚಕ್ರದ ಮಂಚ. ಟಾಕಿ ಉರುಳುತ್ತ ಬಂತು, ನೀರು ಚೆಲ್ಲುತ್ತ. ಮೂರು ದೀಪ ಅದರ ಹಿಂದೆ. ಜನ ದಾರಿ ಬಿಟ್ಟರು. ಅವೆಲ್ಲ ಮೇಡಮ್ಮರ ಜೀಪನ್ನು ಬಳಸಿಕೊಂಡು, ಭಟ್ಟಿಗಳ ನಡುವಿನ ದಾರಿ ಹಿಡಿದು ಪಟ್ಟಣದ ಕಡೆ ಹೊರಟುಹೋದವು. ಗೋಡೆಗಳು ಮಾತ್ರ ಅಲುಗದೆ ನಿಂತಿದ್ದವು. ಒಂದು ಕಲ್ಲೂ ಕದಲಿರಲಿಲ್ಲ. ಮೇಡಂ ಕೈ ಇನ್ನೂ ಫಲಕದ ಮೇಲೆಯೇ ಇತ್ತು. ಫೋಟೋದವನು ಕ್ಯಾಮೆರಾ ಕೆಳಗಿಳಿಸಿ, ಇದನ್ನ ತೆಗೀಬೇಕಾ ಮೇಡಂ ಎಂದು ಮೆಲ್ಲಗೆ ಕೇಳಿದ.

ಆಗಲೇ ಅಕ್ಕನ ನೀರು ಒಡೆಯಿತು. ಗಂಟೆ ಮೂರು ದಾಟಿತ್ತು.

ಮೇಡಂ ಎಲ್ಲರಿಗಿಂತ ಮೊದಲು ಎಚ್ಚೆತ್ತರು. ಜೀಪು ಇದೆ, ಈಗಲೇ ಹೊರಟರೆ ಆಸ್ಪತ್ರೆಗೆ ಮುಟ್ಟಬಹುದು ಎಂದು ಅಕ್ಕನ ತೋಳು ಹಿಡಿದರು. ಹೊರಡುವವರು ಭಟ್ಟಿಗಳ ನಡುವೆ ಇರುವಾಗಲೇ ಗಾಳಿ ಏಳುತ್ತದೆಂದು ಊರಿನವರಿಗೆಲ್ಲ ಗೊತ್ತಿತ್ತು. ಅಕ್ಕ ತೋಳು ಬಿಡಿಸಿಕೊಂಡಳು. ಗೋಡೆ ಹಿಡಿದುಕೊಂಡು, ಬಾಗಿಲಿಲ್ಲದ ಬಾಗಿಲನ್ನು ದಾಟಿ, ಒಳಗೆ ಹೋಗಿ ನಡುಮನೆಯ ನೆಲದ ಮೇಲೆ ಕುಳಿತಳು.

“ನಾ ಇಲ್ಲಿಂದ ಏಳಂಗಿಲ್ಲ. ಗಾಳಿ ಬಂದ್ರ ಗಾಳಿಗೆ ಹೇಳ್ರಿ,” ಅಂದಳು.

ಎಲ್ಲರೂ ನನ್ನನ್ನು ನೋಡಿದರು. ಸಹಿ ಹಾಕಿದವಳು ನಾನು. ನನಗೆ ಆ ಕ್ಷಣ ಯಾವ ಕಥೆಯೂ ನೆನಪಾಗಲಿಲ್ಲ. ರಾಜನೂ ಇಲ್ಲ, ರಾಣಿಯೂ ಇಲ್ಲ. ಕಂಡದ್ದು ಗೋಡೆಯಲ್ಲಿ ಹತ್ತು ತೂತು, ಅಂಗಳದಲ್ಲಿ ಇನ್ನೂರು ಜನ. ಮನೆಗೆ ಓಡಿ ಕೌದಿ ತನ್ನಿ ಎಂದು ಕೂಗಿದೆ, ಇರುವಷ್ಟೂ ಕೌದಿ, ನೀರಲ್ಲಿ ಅದ್ದಿ ತನ್ನಿ. ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. ಯಾರೂ ಯಾಕೆ ಎಂದು ಕೇಳಲಿಲ್ಲ. ಗಂಡಸರು ಬಾವಿಯಿಂದ ದಿಬ್ಬದವರೆಗೆ ಸಾಲು ನಿಂತು ಕೊಡ ಸಾಗಿಸಿದರು. ನಾವು ಹೆಂಗಸರು ಒದ್ದೆ ಕೌದಿಗಳನ್ನು ಎರಡೆರಡು ಪದರ ಮಾಡಿ, ಪ್ರತಿ ಕಿಟಕಿಗೆ ನಾಲ್ವರು, ಪ್ರತಿ ಬಾಗಿಲಿಗೆ ಹತ್ತು ಜನ, ಭುಜಕ್ಕೆ ಭುಜ ಒತ್ತಿ, ಅಂಚುಗಳನ್ನು ಮೈಯಿಂದಲೇ ಅದುಮಿ ಹಿಡಿದು ಹೊರಗೆ ಬೆನ್ನು ಮಾಡಿ ನಿಂತೆವು. ಅಜ್ಜಿ ಹೊಸ್ತಿಲ ಸಂದಿಗೆ ಅಡ್ಡವಾಗಿ ಕುಳಿತುಕೊಂಡಳು. ಈ ವಯಸ್ಸಿಗೆ ಇದೆಲ್ಲ ಯಾಕವ್ವ ಎಂದು ಯಾರೋ ಅಂದದ್ದಕ್ಕೆ, “ಕೆಳಗಿನ ಸಂದಿಗೆ ನಿನ್ನ ಸೊಂಟ ಬಗ್ಗತೈತೇನ?” ಎಂದು ಬಾಯಿ ಮುಚ್ಚಿಸಿದಳು.

ನಾಲ್ಕಕ್ಕೆ ಗಾಳಿ ಎದ್ದಿತು. ಅಂಥ ಗಾಳಿಯನ್ನು ನಾನು ಬಯಲಿನಲ್ಲಿ ಎದುರಿಸಿದ್ದು ಅದೇ ಮೊದಲು. ಬೆನ್ನಿಗೆ ಮೊರದಿಂದ ತೂರಿದ ಹಾಗೆ ಧೂಳು ಬಡಿಯಿತು. ಒದ್ದೆ ಬಟ್ಟೆಗೆ ತಾಗಿದ ಸುಣ್ಣ ಬಿಸಿಯೇರಿ, ಕೈ ಉರಿಯತೊಡಗಿತು. ಗಂಡಸರು ಕೊಡದ ನೀರನ್ನು ನಮ್ಮ ಬೆನ್ನ ಮೇಲೆ ಸುರಿಯುತ್ತಲೇ ಇದ್ದರು. ಯಾರೂ ಕೈ ತೆಗೆಯಲಿಲ್ಲ. ಆರನೆಯ ಕಿಟಕಿಗೆ ಒಬ್ಬರು ಕಡಿಮೆ ಇದ್ದರು. ಮೂಲೆಯೊಂದು ಪಟಪಟ ಹೊಡೆದುಕೊಳ್ಳುವುದು ನನಗೆ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆ ಸದ್ದು ನಿಂತಿತು. ಕತ್ತು ತಿರುಗಿಸಿ ನೋಡಿದೆ. ಜೀಪಿನ ಹತ್ತಿರ ಯಾರೂ ಇರಲಿಲ್ಲ, ಅದರ ಬಾನೆಟ್ಟಿನ ಮೇಲೆ ಒಂದು ಕೈಗಡಿಯಾರ, ಒಂದು ಕನ್ನಡಕ. ಅದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಒಳಗಿನಿಂದ ಹಸೀನಾಬಿಯ ದನಿ ಬರುತ್ತಿತ್ತು, ತಡಿ ಅನ್ನುವುದು, ಈಗ ಅನ್ನುವುದು. ಅಕ್ಕ ಕೂಗುತ್ತಿರಲಿಲ್ಲ, ಬೈಯುತ್ತಿದ್ದಳು. ಗಂಡನನ್ನು, ಗಾಳಿಯನ್ನು, ಭಟ್ಟಿ ಕಟ್ಟಿದವರ ಏಳು ತಲೆಮಾರನ್ನು. ಕೊಡ ಹಿಡಿದು ನಿಂತಿದ್ದ ಗುರುಬಸಪ್ಪ ತಲೆ ತಗ್ಗಿಸಿ ಮುಂದಿನವನಿಗೆ ಕೊಡ ದಾಟಿಸಿದ. ಐದೂವರೆಯ ಸುಮಾರಿಗೆ ಬೈಗುಳ ನಿಂತಿತು. ಒಂದು ಉಸಿರಿನಷ್ಟು ಏನೂ ಇಲ್ಲ. ಆಮೇಲೆ ಆ ಕೂಸು ಕಿರುಚಿತು. ನನ್ನ ಪಕ್ಕದವಳು ಅಳುತ್ತ ಕೌದಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು. ಗಾಳಿ ಪೂರ್ತಿ ಇಳಿಯುವವರೆಗೆ ಯಾರೂ ಜಾಗ ಬಿಡಲಿಲ್ಲ. ಬಿಟ್ಟ ಮೇಲೆ ನೋಡಿದರೆ ನಾವೆಲ್ಲ ತಲೆಯಿಂದ ಕಾಲವರೆಗೆ ಬೆಳ್ಳಗೆ, ಯಾರು ಯಾರೆಂದು ಗುರುತೇ ಸಿಗದ ಹಾಗೆ. ಹಸೀನಾಬಿ ಕೂಸನ್ನು ಎತ್ತಿ ತೋರಿಸಿದಳು. ಹೆಣ್ಣು. ಹುಬ್ಬು, ರೆಪ್ಪೆ ಎಲ್ಲ ಕಪ್ಪಗೆ.

ಮೂರು ವಾರದ ಮೇಲೆ ಸಂಸ್ಥೆಯ ಮೇಲಧಿಕಾರಿಗಳಿಂದ ಕಾಗದ ಬಂತು. ಬಾಗಿಲು ಕಿಟಕಿಗಳು ತಮ್ಮ ಉಗ್ರಾಣಕ್ಕೆ ಬಂದು ಮುಟ್ಟಿವೆ. ಊರಿನವರು ಅವನ್ನು ಒಪ್ಪಿಕೊಂಡಿಲ್ಲವೆಂದು ತಿಳಿದು ಬೇಸರವಾಗಿದೆ. ಫಲಕವನ್ನು ಇಮ್ಮಡಿ ದೊಡ್ಡದು ಮಾಡಿ ಗೋಡೆಯಲ್ಲಿ ಹುಗಿಯಲು ಒಪ್ಪಿದರೆ ಮತ್ತೆ ಕಳಿಸಿಕೊಡುತ್ತೇವೆ, ಎರಡು ಹೆಚ್ಚಿನ ದೀಪಗಳೊಂದಿಗೆ. ಕೆಳಗೆ ಮೃಣಾಲಿನಿ ಮೇಡಮ್ಮರ ಸಹಿ ಇರಲಿಲ್ಲ. ಒಪ್ಪಿಕೊಂಡು ಆಮೇಲೆ ಫಲಕ ಕಾಣದ ಹಾಗೆ ಅದರ ಮೇಲೆ ಗಾರೆಯ ಗಿಲಾಯಿ ಮಾಡಿಬಿಡೋಣ ಎಂದು ಸಭೆಯಲ್ಲಿ ಕೆಲವರು ಅಂದರು. ಫಕೀರಪ್ಪ ಅಧ್ಯಕ್ಷನಾದ ಮೇಲೆ ಮೊದಲ ಸಲ ಎದ್ದು ನಿಂತ. “ನಾ ಒಮ್ಮೆ ಕೂರಿಸಿದ ಬಾಗ್ಲ ನನ್ನ ಕಣ್ಣ ಮುಂದ ಎದ್ದು ಹೋಗೇತಿ. ಇನ್ನೊಮ್ಮೆ ಕೂರಿಸಂಗಿಲ್ಲ,” ಎಂದು ಕುಳಿತ. ಉತ್ತರ ಬರೆಯುವ ಕೆಲಸ ನನಗೆ ಬಂತು. ಉತ್ತರ ಏನೆಂದು ಯಾರೂ ಹೇಳಿಕೊಡಲಿಲ್ಲ.

ಬರೆಯಲು ಕುಳಿತ ದಿನ ಕೆಳ ಓಣಿಯ ರೇಣವ್ವನಿಗೆ ನೋವು ಶುರುವಾಯಿತು. ಗಂಟೆ ಮೂರೂವರೆ. ಕಾಗದ ಪೆನ್ನು ಹಿಡಿದುಕೊಂಡೇ ದಿಬ್ಬಕ್ಕೆ ಓಡಿದೆ. ಅಷ್ಟರಲ್ಲಿ ಎಲ್ಲರೂ ಬಂದಾಗಿತ್ತು. ಮುಂಬಾಗಿಲಿನಲ್ಲಿ ಒಬ್ಬರು ಹಿಡಿಸುವಷ್ಟು ಸಂದಿ ಉಳಿದಿತ್ತು, ನುಗ್ಗಿ ನಿಂತೆ. ಒಂದು ಕೈಯಲ್ಲಿ ಕೌದಿಯ ಅಂಚು. ಪಕ್ಕದವಳ ಬೆನ್ನ ಮೇಲೆ ಕಾಗದ ಇಟ್ಟು, ಗಾಳಿ ಏಳುವ ಮೊದಲು ಒಂದೇ ಸಾಲು ಬರೆದು ಮುಗಿಸಿದೆ.

ಮಾನ್ಯರೇ, ನಮ್ಮಲ್ಲಿ ಬಾಗಿಲಿನ ಜಾಗ ಖಾಲಿ ಇಲ್ಲ.